ಕೌದಿಗೆ ಮುಪ್ಪು ಬರಿಸುವ ಘಟಕ ನಮ್ಮ ಹಳ್ಳಕ್ಕೆ ಬೇಡ

ಕಳೆದ ಮಾಘದಲ್ಲಿ, ಅಡಿಕೆ ಕೊಯ್ಲು ಮುಗಿದು ಊರು ತುಸು ಉಸಿರಾಡಿಕೊಳ್ಳುವ ಹೊತ್ತಿಗೆ, ಯಲ್ಲಾಪುರ ಸೀಮೆಯ ನಮ್ಮೂರಿನ ಮಹಿಳಾ ಸಂಘವನ್ನು ಹುಡುಕಿಕೊಂಡು ನಗರದಿಂದ ಒಬ್ಬ ವಸ್ತ್ರ ವ್ಯಾಪಾರಿ ಬಂದರು. ಸಂಘದಲ್ಲಿ ಸಿದ್ದಿ ಹೆಂಗಸರೇ ಹೆಚ್ಚು. ಕೌದಿ ಹೊಲಿಯುವುದರಲ್ಲಿ ಅವರ ಕೈಗೆ ಸಮನಾದ ಕೈ ಈ ಘಟ್ಟದಲ್ಲಿ ಇನ್ನೊಂದಿಲ್ಲ. ತಿಂಗಳಿಗೆ ಇನ್ನೂರು ಕೌದಿ ಬೇಕೆಂದರು. ಬಟ್ಟೆ ಅವರದೇ, ಗಿರಣಿಯಿಂದ ನೇರವಾಗಿ ಬರುವ ಹೊಸ ಥಾನು. ಹಳೆಯ ಬಟ್ಟೆಯ ಒಂದು ಚಿಂದಿಯೂ ಅದರಲ್ಲಿ ಸೇರಕೂಡದು, ಏಕೆಂದರೆ ಯಾರೋ ಉಟ್ಟು ಬಿಟ್ಟದ್ದನ್ನು ಅವರ ಗಿರಾಕಿಗಳು ಹೊದೆಯುವುದಿಲ್ಲ. ಆದರೆ ಹೊಲಿದು ಮುಗಿದ ಕೌದಿ ಮಾತ್ರ ಐವತ್ತು ವರ್ಷ ಹಿಂದಿನದರಂತೆ ಕಾಣಬೇಕು. ಬಣ್ಣ ಅಲ್ಲಲ್ಲಿ ಮಾಸಿರಬೇಕು, ಎರಡು ಮೂರು ಕಡೆ ಅಂಚು ಹಿಂಜಿರಬೇಕು, ಹರಿಯದ ಜಾಗದಲ್ಲಿಯೂ ತೇಪೆ ಇರಬೇಕು. ಇದಕ್ಕೆ ಅವರು ಹೇಳಿದ ಹೆಸರು ವಿಂಟೇಜ್ ಲುಕ್. ಈ ಮುಪ್ಪನ್ನು ಬರಿಸುವುದಕ್ಕಾಗಿ ಶಾಲೆಯ ಹಿಂದಿನ ಹಳ್ಳದ ದಂಡೆಯಲ್ಲಿ ಮೂರು ಸಿಮೆಂಟು ತೊಟ್ಟಿ, ಒಂದು ತೊಳೆಯುವ ಯಂತ್ರ ಮತ್ತು ಅದಕ್ಕೊಂದು ತಗಡಿನ ಸೂರು ಕಟ್ಟಿಸಿಕೊಡುವುದಾಗಿಯೂ ತಿಳಿಸಿದರು.

ನೀರಿನ ವಿಷಯ ಬಂದದ್ದರಿಂದ ಸಂಘದವರು ನನಗೆ ಹೇಳಿಕಳಿಸಿದರು. ಕೃಷಿವಿಜ್ಞಾನದಲ್ಲಿ ಡಾಕ್ಟರೇಟು ಪಡೆದು ಈ ಊರಿಗೆ ಬಂದು ನೆಲೆಸಿದ ನನ್ನನ್ನು ಇಲ್ಲಿ ಎಲ್ಲರೂ ಮಣ್ಣಿನ ಡಾಕ್ಟರೆಂದೇ ಕರೆಯುವುದು. ಅಂದಿನ ಸಭೆಯಲ್ಲಿ ಎರಡು ಮಾತು ಹೇಳಿ ಕುಳಿತುಬಿಟ್ಟೆ. ಹೇಳದೆ ಉಳಿದದ್ದು ಬಹಳವಿತ್ತು. ಅದನ್ನು ನಮ್ಮ ಪತ್ರಿಕೆಯ ಓದುಗರ ಮುಂದೆ, ಅದರಲ್ಲೂ ಕಾಲೇಜಿಗೆ ಹೋಗುವ ನಮ್ಮ ಮಕ್ಕಳ ಮುಂದೆ ಇಡುತ್ತಿದ್ದೇನೆ. ಈ ಘಟಕ ಬೇಡ ಎನ್ನುವವರ ಸಾಲಿನಲ್ಲಿ ನಾನಿದ್ದೇನೆ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ವ್ಯಾಪಾರಿ ಮಾದರಿಗೆಂದು ಎರಡು ಕೌದಿ ತಂದಿದ್ದರು. ಒಂದು, ಬೇರೆಲ್ಲೋ ಇಂಥದೇ ಘಟಕದಲ್ಲಿ ತಯಾರಾದ ಹೊಚ್ಚ ಹೊಸ ‘ಹಳೆಯ’ ಕೌದಿ. ಇನ್ನೊಂದು ನಿಜವಾಗಿಯೂ ಹಳೆಯದು. ಬೆಳಗಾವಿ ಜಿಲ್ಲೆಯ ಹಾರೂಗೇರಿಯ ಓಣಿಯೊಂದರಲ್ಲಿ ಸ್ಟೀಲ್ ಪಾತ್ರೆ ಕೊಟ್ಟು ಅದರ ಬದಲಿಗೆ ಪಡೆದದ್ದಂತೆ. ಅದನ್ನು ನೆಲದ ಮೇಲೆ ಹಾಸಿದಾಗ ನಾನು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಹಾರೂಗೇರಿ ನನ್ನ ಅವ್ವನ ತವರು. ಇಳಕಲ್ ಸೀರೆಯ ಕೆಂಪು ಸೆರಗು, ಗುಳೇದಗುಡ್ಡದ ಖಣದ ತ್ರಿಕೋನ, ಧೋತರದ ಅಂಚು, ಯಾರದೋ ಅಂಗಿಯ ಪಟ್ಟೆ. ಅಜ್ಜಿಯ ಮನೆಯ ಹೊರಸಿನ ಮೇಲೆ, ಇಂಥವೇ ತುಂಡುಗಳ ಮೇಲೆ ಬೆರಳಾಡಿಸುತ್ತ, ಇದು ಯಾರ ಸೀರೆ, ಅದು ಯಾರ ಕುಬಸ ಎಂದು ಕೇಳುತ್ತ ನಿದ್ದೆಹೋದವನು ನಾನು.

ಹಾರೂಗೇರಿ ಇರುವುದು ರಾಯಬಾಗ ತಾಲ್ಲೂಕಿನಲ್ಲಿ, ಕೃಷ್ಣೆ ಮತ್ತು ಘಟಪ್ರಭೆಗಳ ನಡುವಿನ ಬಯಲಿನಲ್ಲಿ. ಅಲ್ಲಿ ಕೌದಿ ಹೇಗೆ ಹುಟ್ಟುತ್ತಿತ್ತು ಎಂಬುದನ್ನು ತುಸು ವಿವರವಾಗಿಯೇ ಹೇಳಬೇಕು, ಏಕೆಂದರೆ ವಾದದ ತಿರುಳು ಅಲ್ಲಿಯೇ ಇದೆ. ಹಬ್ಬಕ್ಕೆ ಬಂದ ಸೀರೆ ಕೆಲವು ವರ್ಷ ಪೆಟ್ಟಿಗೆಯಲ್ಲಿದ್ದು, ಬಳಿಕ ಮನೆಯಲ್ಲಿ ಉಡುವ ಸೀರೆಯಾಗಿ, ಆಮೇಲೆ ಹೊಲಕ್ಕೆ ಉಡುವ ಸೀರೆಯಾಗುತ್ತಿತ್ತು. ಹರಿದರೆ ಕೂಡಿಸಿ ಹೊಲಿದು ಮತ್ತೆ ಉಡುತ್ತಿದ್ದರು. ಉಡಲು ಬಾರದಂತಾದಾಗ ತೊಟ್ಟಿಲಿಗೆ, ಬಾಣಂತಿಯ ತಲೆಗೆ, ರೊಟ್ಟಿ ಸುತ್ತುವುದಕ್ಕೆ. ಇಷ್ಟೆಲ್ಲ ಮುಗಿದ ಮೇಲೂ ಉಳಿದದ್ದು ಗಂಟು ಸೇರಿ ಸುಗ್ಗಿ ಮುಗಿಯುವುದನ್ನು ಕಾಯುತ್ತಿತ್ತು. ಬೇಸಿಗೆಯ ಮಧ್ಯಾಹ್ನಗಳಲ್ಲಿ ಪಡಸಾಲೆಯ ನೆಲದ ಮೇಲೆ ಗಟ್ಟಿ ಉಳಿದ ಒಂದು ಸೀರೆಯನ್ನು ಹಾಸಿ, ಅದರ ಮೇಲೆ ಜಾಳುಜಾಳಾದ ಚಿಂದಿಗಳನ್ನು ಪದರ ಪದರವಾಗಿ ಹರಡಿ, ಎಲ್ಲಕ್ಕೂ ಮೇಲೆ ಬಣ್ಣದ ತುಂಡುಗಳನ್ನು ಹೊಂದಿಸಿ, ನೆರೆಹೊರೆಯವರು ಸುತ್ತ ಕುಳಿತು ಅಂಚಿನಿಂದ ನಡುವಿಗೆ ಸುತ್ತುಸುತ್ತಾಗಿ ಹೊಲಿಗೆಯ ಸಾಲು ಹಾಕುತ್ತ ಬರುತ್ತಿದ್ದರು. ಮನೆಯಲ್ಲಿ ಕೈ ಸಾಲದಿದ್ದರೆ ಊರೂರು ತಿರುಗುವ ಅಲೆಮಾರಿ ಸಮುದಾಯಗಳ ಹೆಂಗಸರನ್ನು ಕರೆಸಿ, ಜೋಳ, ಹಣ ಕೊಟ್ಟು ಹೊಲಿಸಿಕೊಳ್ಳುವುದಿತ್ತು. ಸವೆದ ಕೌದಿ ಮುಂದಿನ ಕೌದಿಯ ಹೊಟ್ಟೆಯನ್ನು ಸೇರುತ್ತಿತ್ತು, ಇಲ್ಲವೇ ಚಳಿಯಲ್ಲಿ ಎತ್ತಿನ ಬೆನ್ನಿಗೆ ಹೊದಿಕೆಯಾಗುತ್ತಿತ್ತು, ಕೊನೆಗೆ ತಿಪ್ಪೆಗೆ. ಎರೆಹೊಲದಲ್ಲಿ ಹುಟ್ಟಿದ ಹತ್ತಿ ಹೀಗೆ ಎರೆಹೊಲಕ್ಕೇ ಮರಳುತ್ತಿತ್ತು. ನಿಪ್ಪಾಣಿ, ಚಿಕ್ಕೋಡಿಗಳ ಮರಾಠಿ ಮನೆಗಳಲ್ಲಿ ಗೋಧಡಿ, ಬಂಗಾಳದಲ್ಲಿ ಕಾಂಥಾ, ಸಿಂಧಿನಲ್ಲಿ ರಿಲ್ಲಿ, ಇವೆಲ್ಲವೂ ಇದೇ ಜಾತಿಯವು.

ಇಷ್ಟು ಬರೆಯುವಾಗ ನನಗೆ ನಾನೇ ಒಂದು ಎಚ್ಚರಿಕೆ ಹೇಳಿಕೊಳ್ಳಬೇಕು. ಕೌದಿ ಬಡತನದ ಮಗು. ಅದರೊಳಗೆ ತಿಗಣೆಯೂ ಇರುತ್ತಿತ್ತು. ಮಹಾನವಮಿಗೆ ಮುನ್ನ ಮನೆಯ ಕೌದಿಗಳನ್ನೆಲ್ಲ ನೀರಿಗೆ ಒಯ್ದು ಒಗೆಯುವ ದಿನ ಹೆಂಗಸರ ಸೊಂಟ ಮುರಿಯುತ್ತಿತ್ತು. ನೀರು ಕುಡಿದ ಕೌದಿಯನ್ನು ಇಬ್ಬರು ಹಿಡಿದು ಹಿಂಡಿದರೂ ಎತ್ತಲಾಗುತ್ತಿರಲಿಲ್ಲ. ಆ ದಿನಗಳು ಮರಳಲಿ ಎಂದು ನಾನು ಕೇಳುತ್ತಿಲ್ಲ. ನನ್ನ ಜಗಳ ಇರುವುದು, ಆ ದಿನಗಳ ಕಷ್ಟವನ್ನು ಬಿಟ್ಟು, ಮಿತವ್ಯಯವನ್ನೂ ಬಿಟ್ಟು, ಅದರ ಕಲೆಯನ್ನಷ್ಟೇ ಸುಲಿದುಕೊಂಡು ಮಾರುವವರ ಜೊತೆ.

ಹಳೆಯ ಕೌದಿಯ ರೂಪ ಎಲ್ಲಿಂದ ಬಂತು? ಸೀರೆಯಲ್ಲಿ ಹೆಗಲ ಮೇಲಿನ ಭಾಗಕ್ಕೆ ಬಿಸಿಲು ಬಿದ್ದು ಬಣ್ಣ ಹೋಗಿರುತ್ತದೆ, ನಿರಿಗೆಯ ಒಳಮೈ ಬಣ್ಣವನ್ನು ಉಳಿಸಿಕೊಂಡಿರುತ್ತದೆ. ಎರಡನ್ನೂ ಕತ್ತರಿಸಿ ಅಕ್ಕಪಕ್ಕ ಇಟ್ಟಾಗ ಒಂದೇ ಸೀರೆ ಎರಡು ಸೀರೆಯಾಗಿ ಕಾಣುತ್ತದೆ. ಮೊಣಕಾಲೂರಿ ಕಳೆ ತೆಗೆದ ಕಡೆ ನೇಯ್ಗೆ ತೆಳುವಾಗಿರುತ್ತದೆ. ತೇಪೆ ಬೀಳುವುದು ಅಲ್ಲಿ. ನೂರಾರು ಸಲ ಒಗೆದು ಒಣಗಿಸಿದ್ದರಿಂದ ಗಂಜಿ ಹೋಗಿ, ಎಳೆಗಳ ತುದಿ ಬಿಚ್ಚಿ ಬಟ್ಟೆ ಮೆದುವಾಗಿರುತ್ತದೆ. ಇನ್ನು ಬೆಚ್ಚನೆಯ ಗುಣ: ಅದು ಬಟ್ಟೆಗಿಂತ ಹೆಚ್ಚಾಗಿ ಪದರಗಳ ನಡುವೆ ಸಿಕ್ಕಿ ನಿಂತ ಗಾಳಿಯದು, ಸಾಲು ಹೊಲಿಗೆ ಆ ಗಾಳಿಯನ್ನು ಸಣ್ಣ ಸಣ್ಣ ಕೋಣೆಗಳಲ್ಲಿ ಕೂಡಿಹಾಕುತ್ತದೆ. ಹತ್ತಿ ತನ್ನ ತೂಕದ ಶೇಕಡಾ 8ರಷ್ಟು ತೇವವನ್ನು ಗಾಳಿಯಿಂದ ಹಿಡಿದಿಟ್ಟುಕೊಳ್ಳಬಲ್ಲದು, ಪಾಲಿಯೆಸ್ಟರು ಹಿಡಿಯುವುದು ಶೇಕಡಾ 0.4ರಷ್ಟು. ಮಲಗಿದವನ ಬೆವರನ್ನು ಹೀರಿ ಹೊರಗೆ ಬಿಡುವುದು ಇದರಿಂದಲೇ. ಹೀಗೆ ಕೌದಿಯ ಪ್ರತಿಯೊಂದು ಲಕ್ಷಣಕ್ಕೂ ಒಂದೊಂದು ಕಾರಣವಿದೆ, ಆ ಕಾರಣಗಳೆಲ್ಲವೂ ಬಳಕೆಯಿಂದ ಬಂದವು.

ಈ ಬಟ್ಟೆಯ ಕತೆಯಲ್ಲಿ ಘಟ್ಟಕ್ಕೇನು ಸಂಬಂಧ ಎಂದು ನಮ್ಮ ವಿದ್ಯಾರ್ಥಿಗಳು ಕೇಳಬಹುದು. ಸಂಬಂಧ ಹಳೆಯದು. ಬೆಳಗಾವಿ, ಧಾರವಾಡ ಸೀಮೆಯ ನಾಡ ಹತ್ತಿ ಘಟ್ಟವಿಳಿದು ಕುಮಟಾ ಬಂದರಿನಲ್ಲಿ ಹಡಗೇರುತ್ತಿತ್ತು. ಬೆಳೆದ ಹೊಲದ ಹೆಸರು ಅದಕ್ಕೆ ಸಿಗಲಿಲ್ಲ. ಮಾರುಕಟ್ಟೆಯಲ್ಲಿ ಅದು ಕುಮಟಾ ಹತ್ತಿ ಎಂದೇ ಹೆಸರಾಯಿತು. 1840ರ ದಶಕದಲ್ಲಿ ಕಂಪನಿ ಸರ್ಕಾರ ಅಮೆರಿಕದಿಂದ ತೋಟಗಾರರನ್ನೂ ಬೀಜವನ್ನೂ ತರಿಸಿ ಧಾರವಾಡ ಸೀಮೆಯಲ್ಲಿ ಉದ್ದೆಳೆಯ ಹತ್ತಿಯನ್ನು ಬೆಳೆಸಲು ಹೊರಟದ್ದು ಮ್ಯಾಂಚೆಸ್ಟರಿನ ಗಿರಣಿಗಳಿಗಾಗಿ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತಾಗ ಇಲ್ಲಿಯ ಹತ್ತಿಗೆ ಚಿನ್ನದ ಬೆಲೆ ಬಂತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತ್ಯದಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆ ಕಾರವಾರದ ಬಂದರು ಮತ್ತು ಹತ್ತಿಯ ಗಾಡಿಗಳ ಲೆಕ್ಕಾಚಾರವೇ ಇತ್ತು. ನಮ್ಮ ಕಾಡನ್ನು ಸೀಳಿದ ಘಟ್ಟದ ರಸ್ತೆಗಳಲ್ಲಿ ಇಳಿದದ್ದು ಹತ್ತಿ. ಅದೇ ಬಂದರಿನಿಂದ ಹತ್ತಿ ಮೇಲೆ ಬಂದಿದ್ದು ಗಿರಣಿ ಬಟ್ಟೆಯಾಗಿ.

ಎರಡನೆಯ ಸಲ ಬಟ್ಟೆಗಾಗಿ ನಮ್ಮ ನೆಲವನ್ನೇ ಕೇಳಿದರು. 1984ರಲ್ಲಿ ಸರ್ಕಾರದ ಅರಣ್ಯ ನಿಗಮವೂ ಹರಿಹರ ಪಾಲಿಫೈಬರ್ಸ್ ಸಂಸ್ಥೆಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿಯನ್ನು ಹುಟ್ಟುಹಾಕಿದವು. ಮಲೆನಾಡು ಮತ್ತು ಅರೆಮಲೆನಾಡಿನ ಸುಮಾರು 30 ಸಾವಿರ ಹೆಕ್ಟೇರು ಸಾಮೂಹಿಕ ಭೂಮಿಯಲ್ಲಿ ನೀಲಗಿರಿ ಬೆಳೆದು, ಅದರ ತಿರುಳಿನಿಂದ ರೇಯಾನ್ ನೂಲಿಗೆ ದಾರಿ ಮಾಡುವುದು ಯೋಜನೆ. ದನ ಮೇಯುವ ಬೇಣ, ಸೌದೆ ಸೊಪ್ಪಿನ ಗುಡ್ಡ ಎಲ್ಲವೂ ಹೊಳೆಯುವ ಸೀರೆಯಾಗಬೇಕಿತ್ತು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಬೇಕಾದ ಗಿಡ ನೆಟ್ಟ ಕಿತ್ತಿಕೊ-ಹಚ್ಚಿಕೊ ಸತ್ಯಾಗ್ರಹವನ್ನು ಹಿರಿಯ ಓದುಗರು ಮರೆತಿರಲಾರರು. 1991ರಲ್ಲಿ ಆ ಕಂಪನಿಯನ್ನು ಮುಚ್ಚಬೇಕಾಯಿತು. ಈಗ ಮೂರನೆಯ ಸಲ ಬಂದವರು ರಸ್ತೆ ಕೇಳುತ್ತಿಲ್ಲ, ಗುಡ್ಡ ಕೇಳುತ್ತಿಲ್ಲ. ಹೊಸದನ್ನು ಹಳೆಯದಾಗಿಸಲು ನೀರು ಕೇಳುತ್ತಿದ್ದಾರೆ.

ಮತ್ತೆ ಹಾರೂಗೇರಿಗೆ ಬರೋಣ. ಸಭೆಯಾದ ಮರುವಾರ ನಾನು ಅಲ್ಲಿಗೆ ಹೋಗಿದ್ದೆ. ಅಜ್ಜ ಹತ್ತಿ, ಜೋಳ ಬಿತ್ತುತ್ತಿದ್ದ ಹೊಲದಲ್ಲಿ ಈಗ ಕಬ್ಬು. ಹಾರೂಗೇರಿ ಕ್ರಾಸಿನಿಂದ ಊರಿನವರೆಗೂ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ವರ್ಷಕ್ಕೆ 500ರಿಂದ 600 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ನೆಲದಲ್ಲಿ, 1500ರಿಂದ 2500 ಮಿಲಿಮೀಟರು ನೀರು ಬೇಡುವ ಬೆಳೆ. ವ್ಯತ್ಯಾಸದ ನೀರು ನದಿ, ಕಾಲುವೆ, ಕೊಳವೆಬಾವಿಗಳಿಂದ ಬರಬೇಕು. ಕೃಷ್ಣೆಯಾಗಲಿ ಘಟಪ್ರಭೆಯಾಗಲಿ ಹುಟ್ಟುವುದು ಸಹ್ಯಾದ್ರಿಯಲ್ಲಿ. ರೈತನನ್ನು ನಾನು ದೂರುವುದಿಲ್ಲ. ನೀರು ಬಂದಾಗ, ಬೆಲೆಯ ಭರವಸೆ ಇರುವ ಬೆಳೆಯನ್ನು ಯಾರು ಬಿಟ್ಟಾರು? ಆದರೆ ಬಸಿಯಲು ದಾರಿಯಿಲ್ಲದ ಎರೆಮಣ್ಣಿಗೆ ನೀರು ಕಟ್ಟಿ ಕಟ್ಟಿ ಹೊಲಗಳು ಸವಳು-ಜವಳಾಗಿವೆ. ಹಿಂದೆ ಅಜ್ಜಿ ಕೌದಿ ಒಗೆಯುವುದಕ್ಕೆ ಸವಳು ಮಣ್ಣನ್ನು ಹುಡುಕಿ ಬುಟ್ಟಿಯಲ್ಲಿ ತರಿಸುತ್ತಿದ್ದಳು. ಈಗ ಹೊಲದ ಬದುವಿನಲ್ಲೇ ಬೆಳ್ಳಗೆ ಕೂತಿದೆ. ಒಗೆಯಲು ಹತ್ತಿಯ ಕೌದಿ ಇಲ್ಲ.

ಇದರಲ್ಲಿ ನನ್ನ ವಿಜ್ಞಾನದ ಪಾಲೂ ಇದೆ, ಮುಚ್ಚಿಡುವುದಿಲ್ಲ. 1972ರಲ್ಲಿ ಧಾರವಾಡದಲ್ಲಿ ಬಿ.ಎಚ್. ಕಟರಕಿಯವರು ರೂಪಿಸಿದ ವರಲಕ್ಷ್ಮಿ, 1981ರ ಡಿಸಿಎಚ್-32, ಇವು ಹೆಮ್ಮೆಯ ತಳಿಗಳೆಂದು ನಾವು ತರಗತಿಯಲ್ಲಿ ಬಾಯಿಪಾಠ ಮಾಡಿದ್ದೆವು. ಉದ್ದ ಎಳೆಯ ಮಟ್ಟಿಗೆ ಹೆಮ್ಮೆಯವೇ ಹೌದು. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ಬಂದ ಮೇಲೆ ದೇಶದ ಹತ್ತಿ ಹೊಲದ ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚು ಅದರದಾಯಿತು. ಮಳೆಯನ್ನಷ್ಟೇ ನಂಬಿ ಎರೆಯಲ್ಲಿ ನಿಲ್ಲುತ್ತಿದ್ದ ಜಯಧರ್‌ನಂಥ ನಾಡ ಹತ್ತಿ ಮೂಲೆಗೆ ಸರಿಯಿತು. ಗಿಡ್ಡ ಎಳೆ ಎಂಬುದು ಅದರ ಮೇಲಿದ್ದ ದೂರು. ಹೊದಿಕೆಗೆ ಉದ್ದ ಎಳೆ ಯಾಕೆ ಬೇಕು ಎಂದು ಆಗ ನಮಗೆ ಯಾರೂ ಕೇಳಲಿಲ್ಲ, ನಾವೂ ಕೇಳಿಕೊಳ್ಳಲಿಲ್ಲ.

ನನ್ನ ಚಿಗವ್ವ ಈಗಲೂ ಅದೇ ಓಣಿಯಲ್ಲಿದ್ದಾಳೆ. ಹೊಲಿಯುವುದನ್ನು ಬಿಟ್ಟು ಹದಿನೈದು ವರ್ಷವಾಯಿತಂತೆ. ಕಾರಣ ಕೇಳಿದೆ. “ಈ ಜಾರೂ ಸೀರಿ ಒಳಗ ಸೂಜಿ ನಿಂದ್ರೂದಿಲ್ಲ ತಮ್ಮಾ. ಹೊದ್ಕೊಂಡ್ರ ಮೈ ಬೆವರತೈತಿ, ಥಂಡಿನೂ ಹೋಗೂದಿಲ್ಲ” ಎಂದಳು. ಹೀರುವಿಕೆಯ ಬಗ್ಗೆ ನಾನು ಮೇಲೆ ಕೊಟ್ಟ ಅಂಕಿಗಳನ್ನು ಅವಳು ಒಂದೇ ಮಾತಿನಲ್ಲಿ ಹೇಳಿದ್ದಳು. ಅವಳ ಮಂಚದ ಮೇಲಿದ್ದದ್ದು ಅಂಗಡಿಯ ಮಿಂಕ್ ಚಾದರ, ಪೂರಾ ಪಾಲಿಯೆಸ್ಟರು. ಹರಿದ ಮೇಲೆ ಅದು ತಿಪ್ಪೆಗೆ ಬಿದ್ದರೆ ಕೊಳೆಯುವುದಿಲ್ಲ, ಸುಟ್ಟರೆ ಉಸಿರು ಕಟ್ಟುತ್ತದೆ. ವ್ಯಾಪಾರಿಯ ಬೇಡಿಕೆಯನ್ನು ವಿವರಿಸಿದಾಗ ಮಾತ್ರ ಅವಳು ಬಹಳ ಹೊತ್ತು ನಕ್ಕಳು. “ಹೊಸಾ ಅರಿವಿ ಕತ್ತರಿಸಿ ಕೌದಿ ಹೊಲಿಸ್ತಾರಾ? ಆಮ್ಯಾಲ ಅದನ್ನ ಹಳೀದ ಮಾಡ್ತಾರಾ? ಅಂಥಾದೇನ ಬಂದೈತಪಾ ಅವರಿಗೆ?”

ಬಂದಿರುವುದು ಇಷ್ಟೇ: ಹಳೆಯ ಬಟ್ಟೆ ಬೇಡ, ಹಳೆಯದೆಂಬ ಭಾವ ಬೇಕು. ಶ್ರೀಮಂತ ದೇಶಗಳು ಬಿಸುಟ ಬಟ್ಟೆಯ ಮೂಟೆಗಳು ಹಡಗಿನಲ್ಲಿ ನಮ್ಮ ದೇಶಕ್ಕೆ ಬಂದು ಪಾಣಿಪತ್ತಿನಲ್ಲಿ ಹರಿದು ನೂಲಾಗಿ ಅಗ್ಗದ ಕಂಬಳಿಯಾಗುತ್ತವೆ. ಅದೇ ಹಡಗಿನ ದಾರಿಯಲ್ಲಿ ನಾವು ಹೊಸ ಬಟ್ಟೆಗೆ ಹರಕು ಕಟ್ಟಿ ಅಲ್ಲಿಗೆ ಕಳಿಸಬೇಕಂತೆ. ಕೊಳ್ಳುಬಾಕತನಕ್ಕೆ ಇದಕ್ಕಿಂತ ಸ್ಪಷ್ಟವಾದ ಚಿತ್ರ ನನಗೆ ಸಿಕ್ಕಿಲ್ಲ.

ಈಗ ತೊಟ್ಟಿಯ ವಿಷಯ. ಹೊಸ ಹತ್ತಿಬಟ್ಟೆಗೆ ಮುಪ್ಪು ತರುವ ವಿಧಾನಗಳನ್ನು ಜಗತ್ತು ಕಲಿತದ್ದು ಜೀನ್ಸ್ ಉದ್ಯಮದಿಂದ. ಬ್ಲೀಚು ಎಂದು ನಾವು ಕರೆಯುವ ಹೈಪೋಕ್ಲೋರೈಟಿನಲ್ಲಿ ಅದ್ದುವುದು, ಪೊಟ್ಯಾಸಿಯಂ ಪರ್ಮಾಂಗನೇಟ್ ಸಿಂಪಡಿಸಿ ಅಲ್ಲಲ್ಲಿ ಬಿಳಿಚಿಸುವುದು, ಪ್ಯೂಮಿಸ್ ಕಲ್ಲುಗಳ ಜೊತೆ ಯಂತ್ರದಲ್ಲಿ ಉರುಳಿಸುವುದು, ಎಳೆಯನ್ನು ಕೊರೆಯುವ ಸೆಲ್ಯುಲೇಸ್ ಕಿಣ್ವ ಹಾಕುವುದು, ಕೊನೆಗೆ ಚಹಾದ ಡಿಕಾಕ್ಷನ್ನಿನಲ್ಲೋ ಕಬ್ಬಿಣದ ಲವಣದಲ್ಲೋ ಮುಳುಗಿಸಿ ಕಂದು ಬಣ್ಣ ತರುವುದು. ಪ್ರತಿ ಹಂತದ ನಂತರವೂ ತೊಳೆಯಬೇಕು. ಬ್ಲೀಚು ಬಣ್ಣವನ್ನಷ್ಟೇ ತಿನ್ನುವುದಿಲ್ಲ, ಹತ್ತಿಯ ಸೆಲ್ಯುಲೋಸನ್ನೂ ತುಂಡರಿಸುತ್ತದೆ. ಕಬ್ಬಿಣ ಮತ್ತು ಚೊಗರು ಕೂಡಿದ ಕಂದು ಬಣ್ಣ ಕಾಲಕ್ರಮದಲ್ಲಿ ಎಳೆಯನ್ನು ಪುಡಿ ಮಾಡುತ್ತದೆ. ಅಂದರೆ ಈ ಕೌದಿ ಐವತ್ತು ವರ್ಷದ್ದಾಗಿ ಕಾಣುವುದಕ್ಕೆ ತನ್ನ ಮುಂದಿನ ಆಯುಷ್ಯದಿಂದಲೇ ವರ್ಷಗಳನ್ನು ಕಳೆದುಕೊಂಡಿರುತ್ತದೆ. ಅಜ್ಜಿಯ ಕೌದಿ ಹಳೆಯದಾದದ್ದು ಬಾಳಿಕೆ ಬಂದದ್ದರಿಂದ. ಇದು ಬಾಳಿಕೆ ಬಾರದಿರುವಂತೆ ಮಾಡಿ ಹಳೆಯದಾಗಿಸಿದ್ದು.

ಬಟ್ಟೆಯನ್ನು ಹಳೆಯದಾಗಿಸುವ ಹುಚ್ಚಿಗೆ ಜನರ ಶ್ವಾಸಕೋಶವೂ ಬಲಿಯಾಗಿದೆ. ಜೀನ್ಸಿನ ಮೇಲೆ ಮರಳನ್ನು ರಭಸದಿಂದ ಎರಚಿ ಸವೆಸುವ ಕೆಲಸ ಮಾಡಿದ ತುರ್ಕಿಯ ತರುಣರಿಗೆ ಸಿಲಿಕೋಸಿಸ್ ತಗುಲಿ ಹಲವರು ಸತ್ತ ಮೇಲೆ, 2009ರಲ್ಲಿ ಆ ದೇಶ ಅದನ್ನು ನಿಷೇಧಿಸಿತು. ನಮ್ಮಲ್ಲಿಯೇ, ಜೀನ್ಸಿಗೆ ಹೆಸರಾದ ಬಳ್ಳಾರಿಯಲ್ಲಿ ತೊಳೆಯುವ ಘಟಕಗಳ ನೀಲಿ ನೀರು ವರ್ಷಗಳಿಂದ ದೂರಿಗೆ ಕಾರಣವಾಗಿದೆ. ನಮ್ಮ ಯುವಕರು ಹೋಗಿ ನೋಡಿ ಬರಲಿ.

ವ್ಯಾಪಾರಿ ನೀರನ್ನು ಸೋಸಿ ಬಿಡುತ್ತೇವೆ ಎಂದರು. ಸೋಸುವುದು ಮರಳಿನ ಬುಟ್ಟಿಯಲ್ಲಿ. ಕರಗಿದ ಕ್ಲೋರಿನ್ನಿಗೆ ಮರಳು ಏನು ಮಾಡೀತು? ಲೀಟರು ನೀರಿನಲ್ಲಿ ಮಿಲಿಗ್ರಾಮಿನ ಹತ್ತನೆಯ ಒಂದು ಭಾಗ ಕ್ಲೋರಿನ್ ಉಳಿದರೂ ಅನೇಕ ಸಿಹಿನೀರಿನ ಮೀನುಗಳಿಗೆ ಅದು ಮಾರಕ. ಆಷಾಢದಲ್ಲಿ ನಮ್ಮ ಹಳ್ಳ ಎಲ್ಲವನ್ನೂ ಕೊಚ್ಚಿಕೊಂಡು ಹೋದೀತು. ಆದರೆ ಕೌದಿ ಒಣಗಬೇಕಾದರೆ ಘಟಕ ನಡೆಯಬೇಕಾದದ್ದು ಬೇಸಿಗೆಯಲ್ಲಿ. ಆಗ ಹಳ್ಳದಲ್ಲಿ ಕಾಲ್ಬೆರಳು ಮುಳುಗುವಷ್ಟು ನೀರು. ಅದೇ ನೀರನ್ನು ಕೆಳಗಿನ ಕೇರಿಯವರು ಗುಂಡಿ ತೋಡಿ ಕುಡಿಯುತ್ತಾರೆ, ಶಾಲೆಯ ಮಕ್ಕಳು ಏಡಿ ಹಿಡಿಯುತ್ತಾರೆ, ಮುಂದೆ ಅದು ಸೇರುವುದು ಬೇಡ್ತಿಯನ್ನು. ಬೇಡ್ತಿಗಾಗಿ ಅಷ್ಟು ದೊಡ್ಡ ಅಣೆಕಟ್ಟಿನ ಎದುರು ನಿಂತ ಜನ ಮೂರು ತೊಟ್ಟಿಯ ಎದುರು ಸುಮ್ಮನಿರುವುದೇ?

ಇಷ್ಟಕ್ಕೂ, ಹೆಂಗಸರ ದುಡಿಮೆಗೆ ಅಡ್ಡ ಬರುವ ಅಧಿಕಾರ ನಿನಗೇನಿದೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಸಭೆಯಲ್ಲಿ ಬಂತು ಕೂಡ. ತಿಂಗಳ ಸಂಬಳದವನು ಕೂಲಿಯವರಿಗೆ ಉಪದೇಶ ಮಾಡಬಾರದೆಂದು ಒಬ್ಬ ತರುಣ ಎದ್ದು ನಿಂತು ಹೇಳಿದ. ಅವನ ಮಾತಿನಲ್ಲಿ ನ್ಯಾಯವಿದೆ. ಹಾಗಾಗಿ ಉಪದೇಶ ಬಿಟ್ಟು ಲೆಕ್ಕ ಹಾಕೋಣ. ದೊಡ್ಡ ಕೌದಿಯೊಂದಕ್ಕೆ ಒಬ್ಬಳ 15 ದಿನದ ದುಡಿಮೆ ಬೇಕೆಂದು ಸಂಘದವರೇ ಹೇಳುತ್ತಾರೆ. ಸಂಘದಲ್ಲಿ ಇರುವವರು 24 ಜನ. ತಿಂಗಳಿಗೆ 25 ದಿನ ದುಡಿದರೆ ಒಟ್ಟು 600 ದಿನ, ಅಂದರೆ 40 ಕೌದಿ. ಬೇಕಾದದ್ದು 200. ಉಳಿದ 160? ಕೇಳಿದಾಗ ವ್ಯಾಪಾರಿ ಒಪ್ಪಿಕೊಂಡರು: ಒಳಗಿನ ಸಾಲುಗಳೆಲ್ಲ ಯಂತ್ರದ ಹೊಲಿಗೆ, ಕಣ್ಣಿಗೆ ಕಾಣುವ ಕೆಲವು ಸಾಲು ಮಾತ್ರ ಕೈಯದು. ಕೈಹೊಲಿಗೆಯ ಕೌದಿಯೆಂಬ ಚೀಟಿ ಮಾತ್ರ ಎಲ್ಲದಕ್ಕೂ. ಪೂರಾ ಕೈಹೊಲಿಗೆಗೆ ಅವರು ಕೊಡಲು ಒಪ್ಪಿದ್ದು 900 ರೂಪಾಯಿ, ದಿನಕ್ಕೆ 60. 2025ರ ಏಪ್ರಿಲ್‌ನಿಂದ ಉದ್ಯೋಗ ಖಾತರಿಯಲ್ಲಿ ನಿಗದಿಯಾದ ದಿನಗೂಲಿ 370 ರೂಪಾಯಿ. ಅದರಂತೆ 15 ದಿನಕ್ಕೆ 5,550. ಹೊಟ್ಟೆಯ ಮೇಲೆ ಹೊಡೆಯುತ್ತಿರುವವರು ಯಾರು ಎಂಬುದನ್ನು ಆ ತರುಣನೇ ಹೇಳಲಿ.

ಕೌದಿಯನ್ನು ಮಾರಲೇಬಾರದೆಂದು ನಾನು ಹೇಳುತ್ತಿಲ್ಲ. ಅಮೆರಿಕದ ಅಲಬಾಮಾದಲ್ಲಿ ಗೀಸ್ ಬೆಂಡ್ ಎಂಬ ಊರಿದೆ. ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರ ವಂಶಜರು ಅಲ್ಲಿ ಹೊಲದಲ್ಲಿ ಸವೆದ ಅಂಗಿ, ಚಲ್ಲಣಗಳಿಂದ ಕೌದಿ ಹೊಲಿಯುತ್ತಿದ್ದರು. ಅಣೆಕಟ್ಟಿನ ಹಿನ್ನೀರಿಗೆ ಒಳ್ಳೆಯ ಹೊಲಗಳನ್ನು ಕಳೆದುಕೊಂಡ ಊರು ಅದು. 1966ರಲ್ಲಿ ಆ ಸೀಮೆಯ ಹೆಂಗಸರು ಸಹಕಾರ ಸಂಘ ಕಟ್ಟಿ ಮಾರತೊಡಗಿದರು, ಹಣವೂ ಬಂತು. ದೊಡ್ಡ ಮಳಿಗೆಗಳು ಬಂದ ಮೇಲೆ ಒಂದೇ ಅಳತೆ, ಒಂದೇ ವಿನ್ಯಾಸ ಎಂಬ ಒತ್ತಾಯವೂ ಬಂತು. 2002ರಲ್ಲಿ ಅವರ ಹಳೆಯ ಕೌದಿಗಳು ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಮ್ಮಿನ ಗೋಡೆ ಏರಿದವು. ಗೋಡೆ ಏರಿದವು ಯಾವುವು? ಮಳಿಗೆಗೆಂದು ಅಳತೆಯಂತೆ ಹೊಲಿದವಲ್ಲ, ಮನೆಯವರಿಗೆ ಹೊದಿಸಲು ಮನಸ್ಸಿಗೆ ಬಂದಂತೆ ಹೊಲಿದವು. ಅದರ ವಿನ್ಯಾಸವನ್ನು ಚಾಪೆ, ಚಾದರಗಳಿಗೆ ಬಳಸಿಕೊಂಡು ಬಂದ ಹಣದಲ್ಲಿ ನಮಗೆ ಸಿಕ್ಕಿದ್ದೆಷ್ಟು ಎಂದು 2007ರಲ್ಲಿ ಕೆಲವು ಹೆಂಗಸರು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಬೇಕಾಯಿತು.

ನಮ್ಮ ಸಿದ್ದಿ ಹೆಂಗಸರ ಕೌದಿಯೂ ಹೊರಜಗತ್ತಿಗೆ ಅಪರಿಚಿತವಲ್ಲ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಾಲ್ ಈ ಸೀಮೆಗೆ ಬಂದು ಅವನ್ನು ಅಭ್ಯಾಸ ಮಾಡಿದರು. 2011ರಲ್ಲಿ ನ್ಯೂಯಾರ್ಕಿನ ಷೋಂಬರ್ಗ್ ಕೇಂದ್ರದಲ್ಲಿ ಅವು ಪ್ರದರ್ಶನಗೊಂಡವು. ಮೂಲೆಗಳಲ್ಲಿ ಮಡಿಸಿ ಕೂಡಿಸುವ ತ್ರಿಕೋನದ ಫೂಲ, ಅಂದರೆ ಹೂವು, ಇಲ್ಲದ ಕೌದಿಯನ್ನು ಬತ್ತಲೆ ಎನ್ನುತ್ತಾರೆ ನಮ್ಮ ಹೆಂಗಸರು. ಕ್ರೈಸ್ತರು ಶಿಲುಬೆಯನ್ನು, ಮುಸಲ್ಮಾನರು ಚಂದ್ರಾಕೃತಿಯನ್ನು ಕೂಡಿಸುವುದುಂಟು. ವ್ಯಾಪಾರಿಯ ಷರತ್ತಿನ ಹಾಳೆಯಲ್ಲಿ ಫೂಲಕ್ಕೆ ಸ್ಥಳವಿಲ್ಲ, ಯಂತ್ರಕ್ಕೆ ಸಿಕ್ಕುತ್ತದಂತೆ. ಶತಮಾನಗಳ ಹಿಂದೆ ಆಫ್ರಿಕದಿಂದ ಬಲವಂತವಾಗಿ ತಂದವರ ಸಂತತಿಗೆ ಈ ಜಿಲ್ಲೆಯಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದೇ 2003ರಲ್ಲಿ, ಬೆಳಗಾವಿ ಮತ್ತು ಧಾರವಾಡದವರಿಗೆ 2020ರಲ್ಲಿ. ಅವರ ಕೈಯಲ್ಲಿ ಉಳಿದ ತಮ್ಮದೇ ಒಂದು ಗುರುತನ್ನು ಬತ್ತಲೆ ಮಾಡಿ ಕಳಿಸಿ ಎನ್ನುವುದು ಯಾವ ಉದ್ಧಾರ?

ನಾನು ಸಂಘದ ಮುಂದೆ ಇಡುವ ದಾರಿ ಚಿಕ್ಕದು. ತಿಂಗಳಿಗೆ 40 ಕೌದಿ, ಅದೂ ಮಳೆಗಾಲ ಬಿಟ್ಟು. ಬಟ್ಟೆ ಉಟ್ಟು ಬಿಟ್ಟ ಹತ್ತಿಯದು. ಹುಬ್ಬಳ್ಳಿ, ಧಾರವಾಡದ ಮನೆಗಳಲ್ಲಿ ಪೆಟ್ಟಿಗೆಯಲ್ಲಿ ಕೊಳೆಯುತ್ತಿರುವ ಹತ್ತಿ ಸೀರೆ, ಧೋತರಗಳಿಗೆ ಕೊರತೆಯಿಲ್ಲ, ಕುದಿಸಿ ಒಗೆದರೆ ಸಾಕು. ತಮ್ಮ ಅಜ್ಜಿಯ ಸೀರೆ ಕಳಿಸಿ ಅದರದೇ ಕೌದಿ ಪಡೆಯುವವರು ಇದ್ದಾರೆ, ಅಂಥ ಎರಡು ಕೋರಿಕೆ ಈಗಾಗಲೇ ಸಂಘಕ್ಕೆ ಬಂದಿವೆ. ಹೊಸ ಬಟ್ಟೆಯೇ ಬೇಕೆನ್ನುವವರಿಗೆ ಹಾರೂಗೇರಿಗೆ ಸಮೀಪದ ರಬಕವಿ-ಬನಹಟ್ಟಿಯ ಮಗ್ಗಗಳಿಂದಲೋ, ಗಾಂಧಿಯವರು 1937ರಲ್ಲಿ ಬಂದಿಳಿದಿದ್ದ ಹುದಲಿಯ ಖಾದಿ ಕೇಂದ್ರದಿಂದಲೋ ಹತ್ತಿ ತರಿಸಿ, ಹೊಸದನ್ನು ಹೊಸದೆಂದೇ ಹೊಲಿದು ಕೊಡಬಹುದು; ಮುಪ್ಪನ್ನು ಅವರವರ ಮನೆಯಲ್ಲಿ ಅವರವರೇ ಬರಿಸಿಕೊಳ್ಳಲಿ. ಕಂದು ಬಣ್ಣ ಇಷ್ಟಪಡುವವರಿಗೆ ನಮ್ಮ ಅಡಿಕೆಯ ಚೊಗರಿದೆ, ಹೆಗ್ಗೋಡಿನ ಚರಕ ಸಂಸ್ಥೆಯ ನೇಕಾರರು ಅದರಿಂದ ಬಣ್ಣ ಕಟ್ಟುತ್ತ ಬಂದಿದ್ದಾರೆ. ಅದು ಚೊಗರಿನ ಬಣ್ಣವೆಂದೇ ಹೇಳಿ ಮಾರಿದರಾಯಿತು. ಬೆಲೆ 5,550ರ ಕೆಳಗೆ ಇಳಿಯಬಾರದು. ಕೊಳ್ಳುವವರು ಕಡಿಮೆಯಾಗುತ್ತಾರೆ, ನಿಜ. ನಲವತ್ತಕ್ಕೆ ನಲವತ್ತು ಜನ ಸಿಕ್ಕರೆ ಸಾಲದೇ?

ಸಂಘದ ಅಧ್ಯಕ್ಷೆ ಇನ್ನೂ ಮನಸ್ಸು ಮಾಡಿಲ್ಲ. ಅವರ ಮೇಲೆ ಮಗಳ ನರ್ಸಿಂಗ್ ಕಾಲೇಜಿನ ಸಾಲವಿದೆ, ಮುಂಗಡದ ಹಣ ಮೇಜಿನ ಮೇಲಿದೆ. ಮುಂದಿನ ಅಮಾವಾಸ್ಯೆಯ ಮಧ್ಯಾಹ್ನ ಮೂರು ಗಂಟೆಗೆ ಶಾಲೆಯ ಜಗಲಿಯಲ್ಲಿ ಮತ್ತೆ ಸಭೆ ಸೇರುತ್ತದೆ. ಕೆಳಗಿನ ಕೇರಿಯವರು ತಪ್ಪದೆ ಬರಬೇಕು, ಗುಂಡಿಯ ನೀರು ಅವರದು. ವ್ಯಾಪಾರಿ ಬಿಟ್ಟುಹೋದ ಹೊಸ ‘ಹಳೆಯ’ ಕೌದಿಯ ಒಂದು ಮೂಲೆಯನ್ನು ಕತ್ತರಿಸಿ ನಾನು ಮನೆಯಲ್ಲಿ ಒಂದು ರಾತ್ರಿ ನೆನೆಸಿಟ್ಟಿದ್ದೆ. ಆ ನೀರನ್ನು ಸೀಸೆಯಲ್ಲಿ ತುಂಬಿ ತರುತ್ತೇನೆ, ಪಕ್ಕದಲ್ಲಿ ಹಳ್ಳದ ನೀರಿನ ಇನ್ನೊಂದು ಸೀಸೆ.